ಡೇರಿ ಮುಂದೆ ಕೂರಿಸಿದ ಕಮಾಂಡ್

ಗೆಳೆಯರೇ, ಇವತ್ತು ನಮ್ಮೂರಲ್ಲಿ ಧರಣಿ ನಡೆಯಿತು. ಕರೆ ಕೊಟ್ಟದ್ದು ಚಾಟ್‌ಬಾಟ್.

ಶಾಂತಿಗ್ರಾಮದ ಹತ್ತಿರದ ನಮ್ಮ ಡೇರಿಯಲ್ಲಿ ಹಾಲು ಹಾಕುವವರು ಮೊಬೈಲಿನಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರಿಸುವುದು ಅದೇ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ ಅದರ ಉತ್ತರ ಬದಲಿಸುವುದು ನನ್ನ ಕೆಲಸ. ಏನು ಕೇಳಿದರೂ ಅದು 'ನಿಮ್ಮ ಮನವಿ ಪರಿಶೀಲನೆಯಲ್ಲಿದೆ' ಎನ್ನುತ್ತಿತ್ತು. ಬೆಳಿಗ್ಗೆ ಸಿಟ್ಟಿಗೆ 'ಉತ್ತರ ಸಿಗುವವರೆಗೆ ಡೇರಿ ಬಾಗಿಲಲ್ಲಿ ಕೂರಿ' ಎಂದು ಬರೆದು, ಪರೀಕ್ಷೆಗೆ ಇಟ್ಟುಕೊಂಡಿರುವ ಬಾಟ್‌ಗೆ ಕಳಿಸಲು ಹೋದೆ. ಕಮಾಂಡಿನ ಕೊನೆಗೆ ಅದರ ಹೆಸರು ಹಾಕಲು ಮರೆತಿದ್ದರಿಂದ ಊರವರು ಬಳಸುವ ನಿಜವಾದ ಬಾಟ್‌ಗೇ ಹೋಯಿತು.

ಹಸುವಿಗೆ ಕೆಚ್ಚಲುಬಾವು, ಡಾಕ್ಟರು ಯಾವಾಗ ಬರುತ್ತಾರೆ ಎಂದು ಎರಡು ದಿನದಿಂದ ಕೇಳುತ್ತಿದ್ದ ಪುಟ್ಟಮ್ಮ, ಈ ಉತ್ತರ ಕಂಡದ್ದೇ ಆರು ಹೆಂಗಸರನ್ನು ಕರೆದುಕೊಂಡು ಬಂದು ಬಾಗಿಲಿಗೆ ಅಡ್ಡ ಕೂತರು.

"ಎದ್ದೋಗಮ್ಮ, ಡಾಕ್ಟ್ರು ನಾಳೆ ಬತ್ತಾರೆ," ಎಂದರು ಡೇರಿ ಕಾರ್ಯದರ್ಶಿ.

"ನಿಮ್ ಫೋನೇ ಕೂತ್ಕಳಿ ಅಂದೈತೆ ಸಾ. ಎದ್ದೋಗಿ ಅಂತಾನೂ ಅದೇ ಅನ್ಲಿ."

ಕಾರ್ಯದರ್ಶಿ ನನ್ನತ್ತ ತಿರುಗಿದರು. "ಏನಮ್ಮಿ, ಅಂಗೇ ಅನ್ನಿಸು ಅದ್ರ ಕೈಲಿ."

"ಡಾಕ್ಟ್ರು ಬಂದ ತಕ್ಷಣ ಅನ್ನಿಸ್ತೀನಿ ಸಾ," ಎಂದೆ.

ಅವರು ಡಾಕ್ಟರಿಗೆ ಫೋನು ಮಾಡಿದರು. ಗಂಟೆಯೊಳಗೆ ಡಾಕ್ಟರು ಪುಟ್ಟಮ್ಮನ ಕೊಟ್ಟಿಗೆಯಲ್ಲಿದ್ದರು.

ಮೂರು ವರ್ಷದಿಂದ ಹೋರಾಟದ ಕರಪತ್ರ ಹಂಚುತ್ತಿದ್ದೇನೆ, ಒಬ್ಬರೂ ಬಂದು ಕೂತಿರಲಿಲ್ಲ. ಪುಟ್ಟಮ್ಮನಿಗೆ ಅದನ್ನೇ ಹೇಳಿದೆ.

"ನಿನ್ ಪೇಪರ್ನಾಗೆ ಎಲ್ಲಿ ಕೂರ್ಬೇಕು ಅಂತ ಬರ್ದೇ ಇರ್ಲಿಲ್ವಲ್ಲ ಕಣಮ್ಮಿ," ಎಂದರು.