ನಿಂತಿದ್ದ ವಿಮಾನ

ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಯುದ್ಧವಿಮಾನಗಳ ರಿಪೇರಿ ಮಾಡಿದೆ, ಒಮ್ಮೆಯೂ ಅವುಗಳಲ್ಲಿ ಕುಳಿತು ಹಾರಲಿಲ್ಲ. ನಮ್ಮ ಕೆಲಸವೆಲ್ಲ ನೆಲದ ಮೇಲೆಯೇ. ಅದಕ್ಕೇ ನಮ್ಮೂರು ಕಟಕೋಳದಲ್ಲಿ ಅಪ್ಪ ಎಲ್ಲರಿಗೂ ಹೇಳುತ್ತಿದ್ದ, ‘ನಮ್ಮ ಹುಡುಗಗ ಏನೂ ಭಯ ಇಲ್ಲ’ ಎಂದು.

ನನ್ನ ಜೊತೆ ಭರ್ತಿಯಾದವನು ತೊರಗಲ್ಲಿನ ಒಬ್ಬ ಹುಡುಗ. ರಾಮದುರ್ಗದ ಕಾಲೇಜಿನಲ್ಲಿ ಇಬ್ಬರದೂ ಒಂದೇ ಬೆಂಚು. ತರಬೇತಿ ಮುಗಿಸಿ ಆರು ವರ್ಷಗಳ ನಂತರ ಉತ್ತರದ ಒಂದು ನೆಲೆಯಲ್ಲಿ ಮತ್ತೆ ಒಂದಾದೆವು. ಸಪೂರ ಆಳು, ಬಾಯಿ ತುಂಬ ಮಾತು. ಅಡುಗೆಮನೆಯವರಿಗೆ ಜೋಳದ ರೊಟ್ಟಿ ತಟ್ಟಲು ಕಲಿಸಲು ಹೋಗಿ ಬೈಸಿಕೊಂಡವನು. ಆದರೆ ಕೆಲಸದ ಮುಂದೆ ನಿಂತರೆ ನಗು ಬಿಟ್ಟುಬಿಡುತ್ತಿದ್ದ.

ಯುದ್ಧವಿಮಾನದಲ್ಲಿ ಪೈಲಟ್ ಕೂರುವ ಸೀಟಿನ ಕೆಳಗೆ ಸಿಡಿಮದ್ದು ಇರುತ್ತದೆ. ಅಪಾಯ ಬಂದರೆ ಹಿಡಿಕೆ ಎಳೆದ ಕೂಡಲೇ ಅದು ಪೈಲಟನನ್ನು ಸೀಟಿನ ಸಮೇತ ಹೊರಗೆ ಎಸೆಯುತ್ತದೆ. ವಿಮಾನ ನೆಲದ ಮೇಲಿದ್ದಾಗ ಅದು ಸಿಡಿಯದಂತೆ ಪಿನ್ನು ಹಾಕಿರುತ್ತಾರೆ. ಪಿನ್ನಿಗೆ ಒಂದು ಕೆಂಪು ಪಟ್ಟಿ. ಪಟ್ಟಿ ಜೋತಾಡುತ್ತಿದ್ದರೆ ಧೈರ್ಯದಿಂದ ಒಳಗೆ ಕೈ ಹಾಕಬಹುದು.

ಒಂದು ದಿನ ಬೆಳಿಗ್ಗೆ ಶೆಡ್ಡಿನಲ್ಲಿ ಅವನೂ ನಾನೂ ಕೆಲಸ ಮಾಡುತ್ತಿದ್ದಾಗ ನನ್ನ ಕೈಯಿಂದ ಒಂದು ಸ್ಕ್ರೂಡ್ರೈವರ್ ಜಾರಿ ಸೀಟಿನ ಕೆಳಗೆ ಬಿತ್ತು. ಬಿದ್ದ ಹತ್ಯಾರು ಸಿಗುವವರೆಗೆ ವಿಮಾನ ಹಾರುವಂತಿಲ್ಲ. ನಿಯಮದ ಪ್ರಕಾರ ಮೇಲಿನವರಿಗೆ ತಿಳಿಸಿ, ಸೀಟು ಬಿಚ್ಚಿ ತೆಗೆಯಬೇಕು.

“ಹೇಳಿ ಬರತೇನಿ. ಸೀಟ ಬಿಚ್ಚೂಣು” ಎಂದ ಅವನು.

“ಬಿಚ್ಚಿ ಹಾಕೂದ್ರಾಗ ಸಂಜಿ ಆಗತೈತಿ. ನಿನ್ನ ಕೈ ಸಣ್ಣದೈತಿ, ಹಾಂಗ ತಗದ್ಬಿಡು” ಎಂದೆ ನಾನು.

ಅವನು ಪಟ್ಟಿಯತ್ತ ನೋಡಿದ. ಅದು ಜೋತಾಡುತ್ತಿತ್ತು. ಒಳಗೆ ಬಾಗಿದ. ನಾನು ಟಾರ್ಚು ತರಲು ಏಣಿ ಇಳಿದು ನಾಲ್ಕು ಹೆಜ್ಜೆ ಹೋಗಿದ್ದೆ, ಅಷ್ಟೆ. ಸದ್ದು ನೆನಪಿಲ್ಲ. ಹೊಗೆ ನೆನಪಿದೆ, ಸಿಡಿದ ಸೀಟು ಶೆಡ್ಡಿನ ತಗಡಿನಲ್ಲಿ ಮಾಡಿದ ತೂತು ನೆನಪಿದೆ. ಎಡಗಿವಿ ಅಂದಿನಿಂದ ಅರ್ಧ ಕೇಳುತ್ತದೆ.

ಪಿನ್ನು ಇತ್ತು, ಆದರೆ ಪೂರ್ತಿ ಒಳಗೆ ಕೂತಿರಲಿಲ್ಲ. ಆಮೇಲೆ ನಡೆದ ವಿಚಾರಣೆಯಲ್ಲಿ ಅದೇ ಕಾರಣವೆಂದು ಬರೆದರು. ಸ್ಕ್ರೂಡ್ರೈವರ್ ನನ್ನದೆಂದು ನಾನು ಒಪ್ಪಿಕೊಂಡೆ. ಸೀಟು ಬಿಚ್ಚುವುದು ಬೇಡವೆಂದವನು ನಾನೇ ಎಂಬುದನ್ನು ಹೇಳಲಿಲ್ಲ. ಯಾರೂ ಕೇಳಲಿಲ್ಲ.

ಅವನ ಶವದ ಪೆಟ್ಟಿಗೆಯ ಜೊತೆ ನನ್ನನ್ನೇ ಕಳಿಸಿದರು. ಬೆಳಗಾವಿಯಿಂದ ಯರಗಟ್ಟಿ ದಾಟಿ ಕಟಕೋಳಕ್ಕೆ ಬಂದಾಗ ರಸ್ತೆ ಪಕ್ಕ ನನ್ನ ಅವ್ವ ನಿಂತಿದ್ದಳು. ಗಾಡಿ ನಿಧಾನವಾದಾಗ ಕಿಟಕಿಯೊಳಗೆ ಕೈ ಹಾಕಿ ನನ್ನ ಮೊಣಕೈ ಹಿಡಿದಳು. ಹಿಂದಿದ್ದ ಪೆಟ್ಟಿಗೆ ಕಂಡು, ತಪ್ಪು ಮಾಡಿದವಳ ಹಾಗೆ ಕೈ ತೆಗೆದುಕೊಂಡಳು.

ತೊರಗಲ್ಲಿನ ಅಗಸೆಬಾಗಿಲಿಗೆ ದೊಡ್ಡ ಫ್ಲೆಕ್ಸು ಕಟ್ಟಿದ್ದರು. ಅವನ ಫೋಟೋ, ಹಿಂದೆ ಮೋಡ ಸೀಳಿ ಹಾರುವ ವಿಮಾನ. ಅವನ ಅಪ್ಪ ನನ್ನನ್ನು ಬದಿಗೆ ಕರೆದರು.

“ಎಷ್ಟ ಎತ್ತರದಿಂದ ಬಿತ್ತು ಇಮಾನ?”

“ಬೀಳಲಿಲ್ಲ ಕಾಕಾ. ಶೆಡ್ಡಿನ್ಯಾಗ ನಿಂತಿತ್ತು.”

“ನಿಂತದ್ದು ಕೊಲ್ಲತೈತೇನು?”

ಸೀಟಿನ ವಿಷಯ ಹೇಳಿದೆ. ಅರ್ಥವಾಯಿತೋ ಇಲ್ಲವೋ, ತಲೆ ಆಡಿಸಿದರು. ಪೆಟ್ಟಿಗೆ ತೆರೆಯಬಾರದೆಂದು ಮೇಲಿನವರ ಅಪ್ಪಣೆ ಇತ್ತು. ಅವನ ಮನೆಯವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಪದ್ಧತಿ. ಹೇಗೆ ಕೂರಿಸುವುದು? ಹಿರಿಯರು ತಮ್ಮತಮ್ಮಲ್ಲೇ ಮಾತಾಡುತ್ತ ನಿಂತರು. ಕೊನೆಗೆ ಮಠದ ಅಯ್ಯನವರೇ ಮುಂದೆ ಬಂದು ಪೆಟ್ಟಿಗೆಯ ಮೇಲೆ ವಿಭೂತಿ ಇಟ್ಟರು.

“ಮಲಗಿದಾಂವ ಹಾಂಗ ಮಲಗಲಿ. ಶಿವಗ ಎರಡೂ ಒಂದ.”

ಅವನ ಅವ್ವ ಮಾತ್ರ ನನ್ನ ಅಂಗಿ ಹಿಡಿದು ಕೇಳಿದಳು, “ಮಾರಿ ಐತೇನಪಾ?”

“ಐತಿ, ಅವ್ವ” ಎಂದೆ. ಅದು ಸುಳ್ಳು, ಮುಖ ಉಳಿದಿರಲಿಲ್ಲ.

ಮುಂದಿನ ರಜೆಯಲ್ಲಿ ಬಂದಾಗ ಅವನ ಅಪ್ಪನನ್ನು ಹೊಲದಲ್ಲಿ ಕಂಡು ಎಲ್ಲವನ್ನೂ ಹೇಳಿದೆ. ಅವನು ಬಿಚ್ಚೋಣ ಅಂದದ್ದು, ನಾನು ಬೇಡ ಅಂದದ್ದು. ಅವರು ಬದುವಿನ ಮೇಲೆ ಕೂತುಬಿಟ್ಟರು. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು.

“ಅವರವ್ವಗ ಹೇಳಬ್ಯಾಡ” ಎಂದರು. “ನೀ ಬಂದೀ ಅಂತ ಆಕಿ ಇವತ್ತ ಎರಡ ತುತ್ತು ಹೆಚ್ಚ ಉಂಡಾಳ.”

ಹೇಳಲಿಲ್ಲ. ಪ್ರತಿ ರಜೆಗೂ ಹೋದೆ. ಆಕೆ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಿದ್ದಳು, ನಾನು ಉಣ್ಣುತ್ತಿದ್ದೆ. ನಿವೃತ್ತನಾಗಿ ರಾಮದುರ್ಗದಲ್ಲಿ ಮನೆ ಮಾಡಿದ ಮೇಲೂ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಅಷ್ಟರಲ್ಲಿ ಅವನ ಅಪ್ಪ ತೀರಿಕೊಂಡಿದ್ದರು.

ಹೋದ ವರ್ಷ ಒಂದು ಮಧ್ಯಾಹ್ನ ಪಕ್ಕದ ಮನೆಯ ಹೆಂಗಸು ಕಟ್ಟೆಯ ಮೇಲೆ ಕೂತಿದ್ದಳು. ಮಾತು ಅವನ ಕಡೆಗೆ ಹೊರಳಿತು. ಅವನ ಅವ್ವ ಅವರೆಕಾಯಿ ಬಿಡಿಸುತ್ತ, ಏನೂ ವಿಶೇಷವಿಲ್ಲದ ಹಾಗೆ ಹೇಳಿದಳು:

“ನಮ್ಮಾಂವ ಮೊದಲಿಂದ ಹುಡುಗಾಟಿಕಿಯಾಂವ. ಮಾಡಬಾರದ್ದು ಮಾಡಿ ಏನರ ಒತ್ತಿರಬೇಕು. ಇಂವ ನೋಡು, ಜ್ವಾಕಿಯಿಂದ ಇದ್ದ, ಉಳದ.”

ಪಕ್ಕದವಳು ಎದ್ದು ಹೋಗುವವರೆಗೆ ಕಾದೆ.

“ಅಂವ ಏನೂ ಒತ್ತಲಿಲ್ಲ, ಅವ್ವ. ನಿಯಮದ ಪ್ರಕಾರ ಮಾಡೂಣು ಅಂದಾಂವ ಅಂವ. ಬ್ಯಾಡ ಅಂದಾಂವ ನಾ.”

ಪೂರ್ತಿ ಹೇಳಿದೆ. ಆಕೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಾನು ಕಟ್ಟೆಯ ಮೇಲೆಯೇ ಕೂತೆ. ಬಿಸಿಲು ಎದುರು ಗೋಡೆ ಹತ್ತಿದ ಮೇಲೆ ಬಾಗಿಲಿಗೆ ಬಂದಳು.

“ಅವರಿಗೂ ಗೊತ್ತಿತ್ತೇನು?” ಗಂಡನ ಬಗ್ಗೆ ಕೇಳಿದಳು.

ನಾನು ತಲೆ ತಗ್ಗಿಸಿದೆ.

“ಇಷ್ಟ ವರ್ಷ ನನ್ನ ಮಗನ್ನ ನಾನ ಬೈಕೋತ ಬಂದೆ” ಎಂದಳು. “ನೀವಿಬ್ಬರೂ ಬೈಯಾಕ ಬಿಟ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಷಮಿಸು ಎಂದರೆ ಅದೂ ನನ್ನ ಸಲುವಾಗಿಯೇ ಕೇಳಿದಂತಾಗುತ್ತಿತ್ತು. ಕಾಲು ಮುಟ್ಟಿ, ರಾಮದುರ್ಗದ ಬಸ್ಸಿಗೆ ಬಂದೆ.

ಆಮೇಲೆ ಎರಡು ಸಲ ಹೋಗಿದ್ದೇನೆ. ಬಾಗಿಲು ತೆರೆಯುತ್ತಾಳೆ, ಚಹಾ ಕೊಡುತ್ತಾಳೆ, ನನ್ನ ಮಕ್ಕಳ ಕ್ಷೇಮ ವಿಚಾರಿಸುತ್ತಾಳೆ. ಉಣ್ಣು ಎಂದು ಮಾತ್ರ ಕರೆಯುವುದಿಲ್ಲ. ಮಗನ ಮಾತು ಬಂದರೆ ಮಾತ್ರ ಆಕೆಯ ಬೆನ್ನು ನೆಟ್ಟಗಾಗುತ್ತದೆ. “ನಮ್ಮಾಂವ ಕೆಲಸದಾಗ ಭಾಳ ಕಟ್ಟುನಿಟ್ಟು ಇದ್ದ” ಎಂದು ಬಂದವರಿಗೆಲ್ಲ ಹೇಳುತ್ತಾಳೆ, ನನ್ನ ಕಡೆ ನೋಡದೆ. ನಾನು ಹೌದೆನ್ನುತ್ತೇನೆ.