ಗುರುಸಿದ್ದಯ್ಯನವರ ಪಾಲಿನ ಉಪ್ಪು

ನಮ್ಮ ವಿದ್ಯಾರಣ್ಯಪುರಂನ ಗುರುಸಿದ್ದಯ್ಯನವರು ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತು, ಬಿ.ಪಿ. ಸಂಪಾದಿಸಿಕೊಂಡು ನಿವೃತ್ತರಾದವರು. ಹೆಂಡತಿ ಸಾಕಮ್ಮ ಹೆಸರಿಗೆ ತಕ್ಕ ಹಾಗೆ ಏನಾದರೊಂದು ಸಾಕುತ್ತಿದ್ದರು. ಕೊನೆಗೆ ಸಾಕಿದ್ದು ಒಂದು ಗೋಬಿ. ಮಂಚೂರಿಯದಲ್ಲ, ಮೀನು. ಬೆರಳಿನ ಒಂದು ಗೆಣ್ಣಿನಷ್ಟುದ್ದ. ಹಳದಿ ಕಪ್ಪು ಪಟ್ಟೆ, ಹಳೇ ಆಟೋ ಥರ. ಹೊಳೆ ಸಮುದ್ರ ಸೇರುವ ಕಡೆಯ ಕೆಸರುನೀರಿನದು, ಬರೀ ಸಿಹಿನೀರಲ್ಲಿ ಬಾಳೋದಿಲ್ಲ ಎಂದು ಅಂಗಡಿಯವನು ಹೇಳಿದ್ದ. ಸಾಕಮ್ಮ ನೀರಿಗೆ ಕಲ್ಲುಪ್ಪು ಕರಗಿಸಿ, ಸಾರಿನ ರುಚಿ ನೋಡುವ ಹಾಗೆ ನಾಲಿಗೆಗಿಟ್ಟು ನೋಡಿ, ಗಾಜಿನ ತೊಟ್ಟಿಗೆ ಹಾಕುತ್ತಿದ್ದರು. ಹನ್ನೊಂದು ವರ್ಷದಿಂದ ಗಂಡನ ತಟ್ಟೆಗೆ ಮಾತ್ರ ಉಪ್ಪಿಲ್ಲ.

“ನಿಮ್ ಪಾಲಿಂದು ಅದಕ್ಕೋಯ್ತು ಬುಡಿ” ಅನ್ನುವರು.

ಕಳೆದ ಶುಕ್ರವಾರ ಸಾಕಮ್ಮ ಹೋಗಿಬಿಟ್ಟರು. ಗುರುಸಿದ್ದಯ್ಯ ಅಳಲಿಲ್ಲ. ಹೇಳಿದ ಕಡೆ ಕೂತರು, ಹೇಳಿದಾಗ ಎದ್ದರು. ಮಣ್ಣು ಮಾಡಿ ಬರುವಷ್ಟರಲ್ಲಿ ನಾದಿನಿ ತಿಮ್ಮಮ್ಮ, ಸಾವಾದ ಮನೆಯಲ್ಲಿ ಮಾಡುವಂತೆ, ತುಂಬಿಟ್ಟ ನೀರನ್ನೆಲ್ಲ ಚೆಲ್ಲಿಸಿದ್ದರು. ಹಂಡೆ, ಬಿಂದಿಗೆ, ಫಿಲ್ಟರು, ಮೀನಿನ ತೊಟ್ಟಿ.

“ಹೊಸ ನಲ್ಲಿ ನೀರು ತುಂಬಿದೀನಿ ಭಾವ. ಪಾಪ, ಉಪ್ಪುಪ್ಪು ನೀರಲ್ಲಿತ್ತು.”

“ಹೂಂ.”

ಗಾಜಿಗೆ ಹೊಟ್ಟೆ ಅಂಟಿಸಿಕೊಂಡು ಕೂರುವುದು ಆ ಮೀನಿನ ಕಸುಬು. ಮಂಗಳವಾರದ ಹೊತ್ತಿಗೆ ಗಾಜು ಬಿಟ್ಟು ತಳದ ಕಲ್ಲಿನ ಮೇಲೆ ವಾಲಿತ್ತು. ಎದುರು ಕುರ್ಚಿಯಲ್ಲಿ ಗುರುಸಿದ್ದಯ್ಯನವರೂ ಹೆಚ್ಚುಕಡಿಮೆ ಅದೇ ಭಂಗಿಯಲ್ಲಿದ್ದರು.

“ಸತ್ತೋಯ್ತಾ ಭಾವ?”

“ಉಸಿರಾಡ್ತದೆ. ಉಪ್ಪು ಬೇಕು ಅದಕ್ಕೆ.”

“ಅಯ್ಯೋ! ಅವತ್ತೇ ಹೇಳಬಾರದಾ? ಅಕ್ಕ ಎಷ್ಟು ಹಾಕ್ತಿದ್ಲು?”

“ಮಗೂ ಗಂಜಿಯಷ್ಟು ಉಪ್ಪುಪ್ಪಗೆ ಅಂತಿದ್ಲು.”

ಗುರುಸಿದ್ದಯ್ಯ ಎದ್ದರು. ಯಾರೂ ಹೇಳದೆ ಎದ್ದದ್ದು ಆ ವಾರದಲ್ಲಿ ಅದೇ ಮೊದಲು. ಲೇತಿನಲ್ಲಿ ಕೂದಲೆಳೆಯಷ್ಟೂ ತಪ್ಪದ ಕೈ ಉಪ್ಪಿನ ಡಬ್ಬದ ಮುಂದೆ ನಿಂತುಬಿಟ್ಟಿತು.

“ನನ್ ನಾಲಿಗೆಗೆ ತಿಳಿಯಲ್ಲ ತಿಮ್ಮಮ್ಮ. ನೀನ್ ನೋಡು.”

“ಸೂತಕದಲ್ಲಿ ಮೀನಿನ ನೀರು ಕುಡಿಸ್ತೀರಲ್ಲ!” ಎಂದು ಬೈದುಕೊಂಡೇ ತಿಮ್ಮಮ್ಮ ಬೆರಳದ್ದಿ ನೋಡಿದರು. “ಇನ್ನೂ ಸಪ್ಪೆ.” ಒಂದು ಚಮಚ. ಒಂದು ತಾಸು ಬಿಟ್ಟು ಇನ್ನೊಂದು. ಸಂಜೆಯವರೆಗೆ ಅದೇ ಕೆಲಸ.

ಬೆಳಿಗ್ಗೆ ಮೀನು ಗಾಜಿನ ಮೇಲಿತ್ತು.

“ಹಿಡ್ಕೊಂಡಿದೆ” ಎಂದರು ಗುರುಸಿದ್ದಯ್ಯ. ಮುಖ ಮಾತ್ರ ಹಾಗೇ ಇತ್ತು.

ಮಧ್ಯಾಹ್ನ ತಿಮ್ಮಮ್ಮ ಮರೆತು, ಎಲ್ಲರಿಗೂ ಮಾಡಿದ ಸಾರನ್ನೇ ಅವರ ಮುದ್ದೆಗೂ ಬಡಿಸಿದರು. ಗುರುಸಿದ್ದಯ್ಯ ಒಂದು ತುತ್ತು ನುಂಗಿ ತಟ್ಟೆ ಸರಿಸಿದರು.

“ಉಪ್ಪಿಲ್ಲದ್ದು ಕೊಡಮ್ಮ. ನನ್ ಪಾಲಿಂದು ಅಲ್ಲಿದೆ.”