ಆರು ಮಡಿಕೆಯ ದಾರ

ಗುರುಪಾದಪ್ಪನವರ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ದಾರದ ಉಂಡೆ ಇರುತ್ತಿತ್ತು. ಪುಟಾಣಿ ರೈಲು ಕಟ್ಟುವ ಹುಚ್ಚಿದ್ದ ನಾವು ಏಳೆಂಟು ಜನ ಭಾನುವಾರಕ್ಕೊಮ್ಮೆ ಪುಣೆ ಕ್ಯಾಂಪಿನ ಒಂದು ಹಳೆಯ ಹಾಲ್‌ನಲ್ಲಿ ಸೇರುತ್ತಿದ್ದೆವು. ನಾನು ಮೊದಲ ಸಲ ಹೋದ ದಿನ ನನ್ನ ಮರಾಠಿಯಲ್ಲಿ ಕನ್ನಡದ ವಾಸನೆ ಹಿಡಿದು ಅವರು ಹತ್ತಿರ ಬಂದರು. ಹೆಸರು ಕೇಳುವ ಮೊದಲೇ ನನ್ನ ನೆತ್ತಿಯಿಂದ ಹಿಮ್ಮಡಿಯವರೆಗೆ ದಾರ ಇಳಿಬಿಟ್ಟರು. ಅದನ್ನು ಅರ್ಧ ಮಡಚಿ, ಒಂದು ಅರ್ಧ ಬಿಟ್ಟು, ಉಳಿದದ್ದನ್ನು ಮತ್ತೆ ಅರ್ಧ ಮಾಡುತ್ತ ಆರು ಸಲ ಮಡಚಿದರು. ಐದಡಿ ನಾಲ್ಕಿಂಚಿನ ನಾನು ಅವರ ಎರಡು ಬೆರಳುಗಳ ನಡುವೆ ಸರಿಯಾಗಿ ಒಂದು ಇಂಚಾಗಿ ಉಳಿದೆ.

“ಇಷ್ಟಽ ನೋಡ್ರಿ ನೀವು,” ಎಂದರು. “ಅರವತ್ನಾಕರಾಗ ಒಂದ್ ಪಾಲು. ಇದಕ್ಕ ಲೆಕ್ಕ ಬ್ಯಾಡ, ಪಟ್ಟಿ ಬ್ಯಾಡ. ದಾರ ಒಂದಿದ್ರ ಸಾಕು.”

ಉಳಿದ ನಮ್ಮೆಲ್ಲರದೂ ಎಚ್‌ಓ ಅಳತೆ, ಅಂದರೆ ನಿಜವಾದ ರೈಲಿನ ಎಂಬತ್ತೇಳನೇ ಒಂದು ಪಾಲು. ಪರದೇಶದ ನೆಂಟರು ತರುತ್ತಿದ್ದುದು ಅದನ್ನೇ. ಗುರುಪಾದಪ್ಪನವರ ಅಳತೆಯ ರೈಲು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ ಅವರು ತಗಡು, ಪ್ಲೈವುಡ್ ಕತ್ತರಿಸಿ ಎಲ್ಲವನ್ನೂ ಕೈಯಾರೆ ಮಾಡುತ್ತಿದ್ದರು. ನಮ್ಮನ್ನೂ ತಮ್ಮ ಕಡೆ ಎಳೆಯಲು ಚುನಾವಣೆಗೆ ನಿಂತವರ ಹಾಗೆ ಪ್ರಚಾರ ನಡೆಸಿದ್ದರು. “ಎಂಬತ್ತೇಳಕ್ಕ ದಾರ ಮಡಚಿ ತೋರಸ್ರಿ ನೋಡೋಣು,” ಎಂದು ಚಹಾದ ಹೊತ್ತಿಗೆ ಒಬ್ಬೊಬ್ಬರನ್ನೇ ಹಿಡಿಯುತ್ತಿದ್ದರು. ಯಾರಿಗೂ ತೋರಿಸಲಾಗುತ್ತಿರಲಿಲ್ಲ, ಹಾಗಂತ ಯಾರೂ ಬದಲಾಗಲೂ ಇಲ್ಲ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ನಾನೂ ಬೆನ್ನ ಹಿಂದೆ ನಕ್ಕವನೇ.

ಒಮ್ಮೆ ಮನೆಗೆ ಕರೆದರು. ಗೋಡೆಯುದ್ದದ ಹಲಗೆಯ ಮೇಲೆ ಒಂಟಿ ಹಳಿ, ನಡುವೆ ಒಂದು ಸ್ಟೇಷನ್ನು, ಅಲ್ಲಿ ಮಾತ್ರ ಎರಡು ಲೈನು. ಹಲಗೆಯ ತುದಿಯಲ್ಲಿ ಕನ್ನಡದಲ್ಲಿ ‘ಗದಗ’ ಎಂಬ ಬೋರ್ಡು. ಅವರು ಪುಣೆಗೆ ಬಂದಾಗ ಊರಿನ ಕಡೆಯ ಸಣ್ಣ ಹಳಿಯ ಮೀಟರ್ ಗೇಜ್ ಗಾಡಿ ಪುಣೆಯ ತನಕ ಬರುತ್ತಿತ್ತು. ಈಚೆ ಪುಣೆಯಿಂದ ಮಿರಜಿನವರೆಗೆ ದೊಡ್ಡ ಹಳಿ ಹಾಕಿದ್ದರಿಂದ ಅದು ಮಿರಜಿನಲ್ಲೇ ನಿಂತುಹೋಗಿತ್ತು. ಹಲಗೆಯ ಮೇಲಿದ್ದುದು ಅದೇ ಗಾಡಿ. ಸ್ಟೇಷನ್ನಿಗೆ ಬಂದದ್ದೇ ಅವರು ಅದನ್ನು ನಿಲ್ಲಿಸಿಬಿಟ್ಟರು. ಪಕ್ಕದ ಲೈನು ಖಾಲಿ ಇತ್ತು.

“ಮುಂದ ಬಿಡ್ರೆಲಾ,” ಎಂದೆ.

“ಹೆಂಗ ಬಿಡ್ಲಿ? ಕ್ರಾಸಿಂಗ್ ಅದ. ಎದುರಿನ ಗಾಡಿ ಬರಬೇಕು.”

“ಅದನ್ನೂ ನೀವಽ ಮಾಡ್ರಿ ಮತ್ತ.”

“ಎರಡೂ ನಾನಽ ಮಾಡಿದ್ರ ಅದು ನನ್ನ ಜೋಡಿ ನಾನಽ ಮಾತಾಡಿದಂಗ, ದೇಸಾಯರ. ಇನ್ನೊಬ್ಬರು ಯಾರರೆ ಮಾಡಬೇಕು. ಒಂದಽ ಡಬ್ಬಿ ಆದ್ರೂ ಸಾಕು.”

ಆ ಖಾಲಿ ಲೈನು ನನ್ನ ಮನಸ್ಸಿನಿಂದ ಹೋಗಲಿಲ್ಲ. ಮುಂದೆ ಹುಬ್ಬಳ್ಳಿಗೆ ಹೋಗುವಾಗ ಅವರಿಂದ ದಾರ ಇಸಿದುಕೊಂಡೆ. ಮಿರಜಿನಲ್ಲಿ ಗಾಡಿ ಬದಲಿಸುವಾಗ ಚಹಾದವನ ಕೈಗೆ ಒಂದು ತುದಿ ಕೊಟ್ಟು ರೈಲಿನ ಒಂದು ಡಬ್ಬಿಯ ಉದ್ದ, ಎತ್ತರ, ಅಗಲ ಎಲ್ಲ ಅಳೆದೆ. ಪೊಲೀಸನೊಬ್ಬ ಬಂದು ವಿಚಾರಿಸಿದ, ಹುಚ್ಚನೆಂದು ಬಿಟ್ಟ. ಗಾಡಿ ಹೊರಟ ಮೇಲೆ, ಎದುರು ಕೂತವರ ಮಗಳ ಮದುವೆಯ ಕತೆ ಕೇಳುತ್ತ ದಾರ ಮಡಚಿ ಗಂಟು ಹಾಕಿಕೊಂಡೆ. ನಾಲ್ಕು ತಿಂಗಳು ಬಿಸ್ಕೀಟಿನ ಡಬ್ಬ ಕತ್ತರಿಸಿ, ಬೆರಳು ಕೊಯ್ದುಕೊಂಡು, ಕಿಟಕಿಯ ಸರಳಿನ ಸಮೇತ ಮಾಡಿದೆ.

ಅವರಲ್ಲಿಗೆ ಒಯ್ದು ಬಟ್ಟೆ ಬಿಚ್ಚಿದಾಗ ಗೊತ್ತಾಯಿತು. ಒಂದು ಅಡಿ ಇರಬೇಕಾದ ಡಬ್ಬಿ ಎರಡು ಅಡಿ ಇತ್ತು. ಅವರ ಎಂಜಿನ್ನು ಅದರ ಪಕ್ಕದಲ್ಲಿ ಆನೆಯ ಪಕ್ಕದ ಕುರಿಯಾಗಿತ್ತು.

ಗುರುಪಾದಪ್ಪನವರು ನಗಲಿಲ್ಲ. ಕಿಟಕಿಯ ಸರಳುಗಳ ಮೇಲೆ ಬೆರಳಾಡಿಸಿದರು. “ಒಂದ್ ಮಡಿಕಿ ಬಿಟ್ಟೀರಿ,” ಎಂದರು. ಡಬ್ಬಿಯನ್ನು ತಿರುಗಿಸಿ ನೋಡಿ, “ಡಬ್ಬಿ ಭಾಳ ಚಂದ ಆಗೇದ. ಇಲ್ಲೇ ಇರಲಿ.”

ಅವರು ನಕ್ಕಿದ್ದರೆ ಚೆನ್ನಾಗಿತ್ತು. ಆ ನಾಚಿಕೆಯಲ್ಲಿ ನಾನು ಭಾನುವಾರಗಳನ್ನು ತಪ್ಪಿಸತೊಡಗಿದೆ. ಸರಿಯಾದ ಅಳತೆಯದು ಮಾಡಿಕೊಂಡೇ ಹೋಗೋಣ ಎಂದುಕೊಳ್ಳುತ್ತಿದ್ದೆ, ಮಾಡಲಿಲ್ಲ. ಎರಡು ವರ್ಷ ಹಾಗೇ ಹೋಯಿತು. ಅವರು ತೀರಿಕೊಂಡ ಸುದ್ದಿ ತಿಳಿದದ್ದು ಹದಿನೈದು ದಿನ ತಡವಾಗಿ, ರಸ್ತೆಯಲ್ಲಿ ಸಿಕ್ಕ ಗೆಳೆಯನಿಂದ.

ಮನೆಗೆ ಹೋದಾಗ ಅವರ ಹೆಂಡತಿ ಶಾಂತಮ್ಮ ಚಹಾ ಕೊಟ್ಟು ಒಳಕೋಣೆ ತೋರಿಸಿದರು. ಸ್ಟೇಷನ್ನಿನಲ್ಲಿ ಖಾಲಿ ಇದ್ದ ಲೈನನ್ನು ಕಿತ್ತು, ಗುರುಪಾದಪ್ಪನವರು ಅದರ ಜಾಗದಲ್ಲಿ ಎರಡರಷ್ಟು ಅಗಲದ ಹಿತ್ತಾಳೆಯ ಹಳಿ ಕೂಡಿಸಿದ್ದರು. ಅದರ ಮೇಲೆ ನನ್ನ ಡಬ್ಬಿ ನಿಂತಿತ್ತು. ಎಂಬತ್ತೇಳಕ್ಕೆ ಒಂದು ಕೂದಲೆಳೆಯಷ್ಟೂ ಬಗ್ಗದ ಮನುಷ್ಯ ನನ್ನ ತಪ್ಪಿಗೆ ಸರಿಯಾಗಿ ಹಳಿ ಹಾಕಿದ್ದರು. ಪಕ್ಕದ ಲೈನಿನಲ್ಲಿ ಅವರ ಗಾಡಿ ಇರಲಿಲ್ಲ. ಅದು ಹಲಗೆಯ ತುದಿಯಲ್ಲಿ, ಗದಗಿನ ಬೋರ್ಡಿನ ಕೆಳಗೆ ಬಂದು ನಿಂತಿತ್ತು.

“ನೀವು ಡಬ್ಬಿ ಕೊಟ್ಟುಹೋದ ಮರುವಾರಽ ಹಳಿ ಹಾಕಿದ್ರು,” ಎಂದರು ಶಾಂತಮ್ಮ. “ಕ್ರಾಸಿಂಗ್ ಆತು ಅಂತ ಹೇಳಿ ಗಾಡಿ ಬಿಟ್ರು. ನಿಮಗ ತೋರಸಬೇಕಂತ ಭಾನುವಾರ ಭಾನುವಾರ ಹಾದಿ ನೋಡಿದ್ರು. ನೀವು ಬರಲೇ ಇಲ್ಲ.”